ಎಡರೆಕ್ಕೆ ಒಂದು ಬೆರಳು ಉದ್ದ

ಹಲ್ಲಿನ ಡಾಕ್ಟರು ಪ್ರೊಜೆಕ್ಟರಿನಿಂದ ಬಿಳಿ ಗೋಡೆಯ ಮೇಲೆ ಬಣ್ಣಬಣ್ಣದ ಮೋಡಗಳನ್ನು ತೇಲಿಸಿದ ಕೂಡಲೇ ಸೊಸೆಗೆ ಗೊತ್ತಾಗಿಹೋಯಿತು, ಇವತ್ತಿನ ಸಭೆಯಲ್ಲಿ ತನ್ನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ ಎಂದು. ಮೋಡಗಳ ನಡುವಿನಿಂದ ಅಕ್ಷರಗಳು ಒಂದೊಂದಾಗಿ ಜಿಗಿದು ಬಂದು ಸಾಲಾಗಿ ನಿಂತವು. ಹಿಂದಿನ ಬೆಂಚಿನಲ್ಲಿದ್ದ ಬಸ್ ಡ್ರೈವರ್ ಶಿಳ್ಳೆ ಹೊಡೆದ. ಸಂಗೀತದ ಟೀಚರು ಚಪ್ಪಾಳೆ ತಟ್ಟಿದರು.

"ನೋಡಿ, ನಾನು ಏನೂ ಮಾಡಿಲ್ಲ," ಎಂದರು ಡಾಕ್ಟರು, ಎರಡೂ ಕೈ ಮೇಲೆತ್ತಿ. "ಬರೀ ಸಂಘದ ಹೆಸರು ಹಾಕ್ದೆ. ಮಿಕ್ಕಿದ್ದೆಲ್ಲ ಈ ಹೊಸ ಸಾಫ್ಟ್‌ವೇರೇ ಮಾಡ್ಕೊಳ್ತು."

ಏನೂ ಮಾಡದೆ ಇದ್ದುದನ್ನು ಇಷ್ಟು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ಸೊಸೆ ಈವರೆಗೆ ಕಂಡಿರಲಿಲ್ಲ.

ಕೈಯಿಂದ ಎಸೆದು ಹಾರಿಸುವ ಮರದ ಪುಟ್ಟ ಗ್ಲೈಡರುಗಳನ್ನು ಮಾಡುವವರ ಸಂಘ ಅದು. ಇಂಜಿನ್ನಿಲ್ಲ, ಬ್ಯಾಟರಿಯಿಲ್ಲ. ಬಿಸ್ಕತ್ತಿಗಿಂತ ತೆಳ್ಳಗಿನ ಹಗುರ ಮರ, ಒಂದಿಷ್ಟು ಅಂಟು, ಎಸೆಯುವುದಕ್ಕೊಂದು ತೋಳು, ಅಷ್ಟೇ. ದೊಡ್ಡ ಹಾಲ್‌ನೊಳಗೆ ನಿಂತು ಎಸೆದರೆ ಅದು ಮೇಲೇರಿ, ಗಿರಕಿ ಹೊಡೆಯುತ್ತ ಹೊಡೆಯುತ್ತ ನಿಧಾನಕ್ಕೆ ಇಳಿಯಬೇಕು. ಎಷ್ಟು ಹೊತ್ತು ಗಾಳಿಯಲ್ಲಿ ನಿಂತಿತು ಎನ್ನುವುದರ ಮೇಲೆ ಮಾಡಿದವರ ಮರ್ಯಾದೆ. ಸಂಘದ ಪತ್ರಿಕೆಯ ಹೆಸರೂ 'ಗಿರಕಿ'. ಅದನ್ನು ಜೋಡಿಸಿ, ಅಚ್ಚು ಹಾಕಿಸಿ, ಮಡಚಿ ಮನೆಮನೆಗೆ ಕಳಿಸುವ ಕೆಲಸವನ್ನು ಮದುವೆಯಾಗಿ ಆ ಮನೆಗೆ ಬಂದ ವರ್ಷದಿಂದಲೂ ಸೊಸೆ ಮಾಡಿಕೊಂಡು ಬಂದಿದ್ದಳು. ಕೈಹಿಡಿದವನಿಗೆ ಗ್ಲೈಡರೆಂದರೆ ಆಗದು. ಅವಳಿಗೆ ಈ ಹುಚ್ಚು ಹಿಡಿಸಿದವರು ಮಾವ.

ಪತ್ರಿಕೆಯಲ್ಲಿ ಉಳಿದದ್ದು ಏನೇ ಇರಲಿ, ಪ್ರಾಣ ಇರುವುದು ನಡುಹಾಳೆಯಲ್ಲಿ. ಅಲ್ಲಿ ಒಂದು ಗ್ಲೈಡರಿನ ನಕ್ಷೆ ಇರುತ್ತದೆ, ಅಸಲು ಅಳತೆಯಲ್ಲಿ. ಸದಸ್ಯರು ಅದನ್ನು ನೋಡಿ ಬರೆದುಕೊಳ್ಳುವುದಿಲ್ಲ. ಹಾಳೆಯನ್ನೇ ಮರದ ಮೇಲೆ ಅಂಟಿಸಿ, ಗೆರೆಯ ಗುಂಟ ಬ್ಲೇಡು ಎಳೆಯುತ್ತಾರೆ. ಹಾಳೆಯಲ್ಲಿ ಏನಿದೆಯೋ ಮರದಲ್ಲೂ ಅದೇ. ಹಾಗಾಗಿ ಪತ್ರಿಕೆ ಜೋಡಿಸುವ ಸಾಫ್ಟ್‌ವೇರು ಚಂದ ಇದ್ದರೆಷ್ಟು ಬಿಟ್ಟರೆಷ್ಟು, ಬರೆದದ್ದನ್ನು ಬರೆದ ಹಾಗೆ ಅಚ್ಚು ಹಾಕುವುದು ಮುಖ್ಯ. ಇಷ್ಟು ಸಣ್ಣ ವಿಷಯವನ್ನು ಒಂದು ಕೋಣೆ ತುಂಬ ಕೂತ ದೊಡ್ಡ ಮನುಷ್ಯರಿಗೆ ಬಿಡಿಸಿ ಹೇಳಬೇಕಾಗಿ ಬಂತಲ್ಲ ಎಂದೇ ಅವಳಿಗೆ ಮೊದಲ ಸಿಟ್ಟು.

ಹಳೆಯ ಸಾಫ್ಟ್‌ವೇರು ಅವಳ ಮನೆಯ ಹಳೆಯ ಕಂಪ್ಯೂಟರಿನಲ್ಲಿತ್ತು. ಆ ಕಂಪ್ಯೂಟರು ಒಂದು ಬೆಳಿಗ್ಗೆ ಕೆಮ್ಮಿ, ಗುರುಗುಟ್ಟಿ, ಕಣ್ಣು ಮುಚ್ಚಿತು. ಸಾಫ್ಟ್‌ವೇರನ್ನು ಮಾಡಿದ ಕಂಪನಿಯೇ ಈಗ ಇಲ್ಲ. ಸೊಸೆ ಗಂಡನ ಕಂಪ್ಯೂಟರನ್ನು ಕಾಡಿ ಬೇಡಿ ಪಡೆದು, ಸಿಕ್ಕಸಿಕ್ಕ ಸಾಫ್ಟ್‌ವೇರುಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದ್ದಳು. ಅವಳ ಕೆಲಸ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು. ಎರಡು ಕಣ್ಣುಗೊಂಬೆಗಳ ನಡುವಿನ ಅಂತರ ಅಳೆಯುವ ಸಣ್ಣ ಪಟ್ಟಿಯೊಂದು ಸದಾ ಅವಳ ಜೇಬಿನಲ್ಲಿರುತ್ತದೆ. ಪ್ರತಿಯೊಂದು ಸಾಫ್ಟ್‌ವೇರಿನಲ್ಲೂ ಒಂದು ಗೆರೆ ಎಳೆದು, ಅಚ್ಚು ಹಾಕಿ, ಪಟ್ಟಿ ಇಟ್ಟು ನೋಡಿದ್ದಳು. ಒಂದು ಹಾಳೆಗೆ ಹೊಂದಿಸುತ್ತೇನೆಂದು ಗೆರೆಯನ್ನು ಕುಗ್ಗಿಸಿತು. ಇನ್ನೊಂದು ಹಿಗ್ಗಿಸಿತು. ಪುಕ್ಕಟೆ ಸಿಗುವ ಒಂದೇ ಒಂದು ಸಾಫ್ಟ್‌ವೇರು, ನೋಡಲು ಹಳೇ ರೇಡಿಯೋದ ಹಿಂಬದಿಯಂತಿದ್ದದ್ದು, ಕೂದಲೆಳೆಯಷ್ಟೂ ವ್ಯತ್ಯಾಸ ಮಾಡದೆ ಕೊಟ್ಟಿತ್ತು.

"ಇದರ ಮುಖ ಚೆನ್ನಾಗಿಲ್ಲ, ಒಪ್ಕೋತೀನಿ," ಎಂದು ಅವಳು ಎದ್ದು ನಿಂತು ಹೇಳಿದಳು. "ಗುಂಡಿಗಳು ಎಲ್ಲೆಲ್ಲೋ ಇವೆ. ಕಲಿಯೋದು ಕಷ್ಟ. ಆದ್ರೆ ನಾವು ಕೊಟ್ಟಿದ್ದಕ್ಕೆ ಕೈ ಹಾಕಲ್ಲ. ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಮುಖ ಚೆನ್ನಾಗಿಲ್ದಿದ್ರೆ ಯಾರಮ್ಮ ನೋಡ್ತಾರೆ?" ಎಂದರು ಡಾಕ್ಟರು. ಎಲ್ಲರೂ ನಕ್ಕರು. ಸಂಘದ ಅಧ್ಯಕ್ಷರು ಅವರು. ಊರಿನ ಅರ್ಧ ಮಕ್ಕಳ ಹಲ್ಲಿಗೆ ತಂತಿ ಕಟ್ಟಿ ನೇರ ಮಾಡಿದವರು. ಎಲ್ಲೇ ಆಗಲಿ, ವಕ್ರವಾದದ್ದು ಕಣ್ಣಿಗೆ ಬಿದ್ದರೆ ಅವರ ಕೈ ತುರಿಸುತ್ತದೆ. ಗೋಡೆಯ ಫೋಟೋ ಒಂದಿಷ್ಟು ವಾಲಿದ್ದರೂ ಮಾತು ನಿಲ್ಲಿಸಿ ಎದ್ದುಹೋಗಿ ಸರಿ ಮಾಡಿ ಬರುತ್ತಾರೆ.

"ಈಗ ನಿಮ್ಮ ಮಾವನವರ ನಕ್ಷೆಯನ್ನೇ ತಗೊಳ್ಳಿ," ಎಂದು ಅವರು ಮುಂದುವರಿಸಿದರು. "ಬೇಜಾರು ಮಾಡ್ಕೋಬೇಡಿ. ವಯಸ್ಸಾಯ್ತು, ಕೈ ನಡುಗುತ್ತೆ, ಗೆರೆ ಅಂಕುಡೊಂಕು ಬರುತ್ತೆ. ಈ ಸಾಫ್ಟ್‌ವೇರು ಅಂಥಾದ್ದನ್ನೆಲ್ಲ ನೀಟಾಗಿ ತಿದ್ದುತ್ತೆ. ಅವರಿಗೂ ಅನುಕೂಲ ಅಲ್ವಾ?"

ಬೇಜಾರು ಮಾಡಿಕೊಳ್ಳಬೇಡಿ ಎಂದು ಮೊದಲೇ ಹೇಳಿಬಿಟ್ಟರೆ ಆಮೇಲೆ ಬಾಯಿಗೆ ಬಂದದ್ದನ್ನು ಹೇಳಬಹುದೆಂದು ಇವರಿಗೆ ಯಾರು ಹೇಳಿಕೊಟ್ಟರೋ! ಮಾವ ಮುಂದಿನ ಸಾಲಿನಲ್ಲೇ ಕೂತಿದ್ದರು. ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಅವರ ಕೈ ಮೇಲೆ ಹೋಯಿತು. ಮಾವ ಮೆಲ್ಲಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ಅದನ್ನು ಕಂಡು ಸೊಸೆಗೆ ಮೈಯೆಲ್ಲ ಉರಿದುಹೋಯಿತು.

"ನಡುಗೋದು ಕೈ, ಡಾಕ್ಟ್ರೇ. ತಲೆ ಅಲ್ಲ."

"ಅಯ್ಯೋ, ನಾನೆಲ್ಲಿ ಹಾಗಂದೆ?" ಎಂದು ಡಾಕ್ಟರು ಎಲ್ಲರತ್ತ ತಿರುಗಿ ನಕ್ಕರು. ಯಾವುದು ಬೇಕೆಂದು ಕೈ ಎತ್ತಿಸಿದರು. ಮೋಡಗಳು ಗೆದ್ದವು. ಡ್ರೈವರ್ ಕೈ ಎತ್ತುವಾಗ ಅವಳ ಕಡೆ ನೋಡಲಿಲ್ಲ, ಅಷ್ಟರಮಟ್ಟಿಗೆ ನಾಚಿಕೆ ಇತ್ತು ಅವನಿಗೆ. ಮಾವನ ಕೈ ತೊಡೆಯ ಕೆಳಗೇ ಇತ್ತು.

"ಜೋಡಿಸೋ ಕೆಲಸಾನೂ ಇನ್ಮೇಲೆ ನಾನೇ ಕ್ಲಿನಿಕ್ಕಲ್ಲಿ ಮಾಡಿಬಿಡ್ತೀನಿ. ಪಾಪ, ಇಷ್ಟು ವರ್ಷ ದುಡಿದಿದೀರಿ. ನೀವು ಆರಾಮಾಗಿರಿ," ಎಂದರು ಡಾಕ್ಟರು ಕೊನೆಗೆ.

ಇಷ್ಟು ವರ್ಷ ಮಾಡಿದ ಕೆಲಸವನ್ನು ಕಿತ್ತುಕೊಳ್ಳುವುದಕ್ಕೆ ಇದಕ್ಕಿಂತ ಸಿಹಿಯಾದ ಮಾತು ಯಾರಿಗೂ ಹೊಳೆಯಲಾರದು. ಮೆಟ್ಟಿಲಿಳಿದು ಬರುವಾಗ ಸೊಸೆ ಒಂದೊಂದು ಮೆಟ್ಟಿಲನ್ನೂ ಅದೇ ತಪ್ಪು ಮಾಡಿದೆ ಎನ್ನುವ ಹಾಗೆ ತುಳಿದಳು.

"ಹೋಗ್ಲಿ ಬಿಡಮ್ಮ," ಎಂದರು ಮಾವ.

"ಏನು ಹೋಗ್ಲಿ ಬಿಡೋದು? ಯಾಕೆ ಬಿಡಬೇಕು?" ಎಂದು ಅವಳು ದಾರಿಯುದ್ದಕ್ಕೂ ಕೂಗಾಡಿದಳು. ಎದುರಿಗೆ ಬಂದ ಅಂಚೆಯವನು ಬೈಗುಳ ತನಗೇ ಇರಬೇಕೆಂದುಕೊಂಡು ಪಕ್ಕಕ್ಕೆ ಸರಿದು ನಿಂತ.

ಅವಳ ಸಿಟ್ಟಿಗೆ ಕಾರಣವಿತ್ತು. ವರ್ಷಕ್ಕೊಂದು ಸಲ ಸಂಘದಲ್ಲಿ 'ಒಂದೇ ಹಾಳೆಯ ದಿನ' ಎಂದು ಮಾಡುತ್ತಾರೆ. ಅವತ್ತು ಎಲ್ಲರೂ ಒಂದೇ ನಕ್ಷೆಯಿಂದ ಮಾಡಿದ ಗ್ಲೈಡರನ್ನು ತರಬೇಕು. ಅದಕ್ಕೆ ಮುಂಚೆ ಯಾರೂ ಅದನ್ನು ಹಾರಿಸಿರಬಾರದು. ಈ ವರ್ಷದ ನಕ್ಷೆ ಮಾವನದು. ನೀರು ಸರಬರಾಜಿನ ಕಚೇರಿಯಲ್ಲಿ ಊರಿನ ಕೊಳವೆಗಳನ್ನೆಲ್ಲ ಕಾಗದದ ಮೇಲೆ ಬರೆದು ಬರೆದು ನಿವೃತ್ತರಾದವರು ಅವರು. ಕೈ ನಡುಗಲು ಶುರುವಾದ ಮೇಲೆ ಬರೆದ ಮೊದಲ ನಕ್ಷೆ ಇದು. ಅಡುಗೆಮನೆಯ ಮೇಜಿನ ಮೇಲೆ ಮೊಣಕೈ ಊರಿ, ಉಸಿರು ಬಿಗಿಹಿಡಿದು, ಒಂದೊಂದೇ ಚೂರು ಗೆರೆ ಎಳೆದು ಅವರು ಅದನ್ನು ಮುಗಿಸಿದ್ದನ್ನು ಸೊಸೆ ಕಣ್ಣಾರೆ ಕಂಡಿದ್ದಳು.

"ಇದು ಹಾರಿದ್ರೆ ಇನ್ನೂ ಬರೀತೀನಿ," ಎಂದಿದ್ದರು ಅವರು ಮುಗಿಸಿದ ದಿನ. "ಹಾರದಿದ್ರೆ ಪೆನ್ಸಿಲ್ ಎತ್ತಿಟ್ಬಿಡ್ತೀನಿ. ಎಲ್ರೂ ಹೇಳೋದು ನಿಜ ಅಂತಾಗುತ್ತೆ."

ಎಲ್ಲರೂ ಎಂದರೆ ಮೊದಲಿಗೆ ಅವರ ಮಗನೇ. ಅಪ್ಪನ ಕೈಗೆ ಬ್ಲೇಡು ಕೊಡಬೇಡ ಎಂದು ಹೇಳಿ ಬ್ಲೇಡನ್ನು ಕಪಾಟಿನ ಮೇಲಿಟ್ಟವನು. ಅಪ್ಪ ಯಾವುದಾದರೂ ವಿಷಯ ಹೇಳಲು ಬಾಯಿ ತೆರೆದರೆ ತಾನೇ ಮುಂದಿನ ಮಾತು ಹೇಳಿ ಮುಗಿಸುವವನು. ಕೆಟ್ಟವನೇನಲ್ಲ, ಆದರೆ ಅಪ್ಪನನ್ನು ಬದುಕಿರುವಾಗಲೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದ.

ಆ ನಕ್ಷೆಯಲ್ಲಿ ಒಂದು ವಿಶೇಷವಿತ್ತು. ಎಡರೆಕ್ಕೆ ಬಲರೆಕ್ಕೆಗಿಂತ ಒಂದು ಬೆರಳಿನಗಲ ಉದ್ದ.

"ತಪ್ಪಾಗಿದೆಯಾ ಮಾವ?" ಎಂದು ಅವಳು ಕೇಳಿದ್ದಕ್ಕೆ ಅವರಿಗೆ ಖುಷಿಯೋ ಖುಷಿ. ಅವಳು ಕೊಟ್ಟ ಟೀ ಲೋಟವನ್ನು ಗ್ಲೈಡರಿನಂತೆ ಹಿಡಿದು, ಮೇಜಿನ ಮೇಲೆ ಎಡಕ್ಕೆ ತಿರುಗಿಸುತ್ತ ವಿವರಿಸಿದ್ದರು. ಚೆಲ್ಲುವ ಭಯವಿರಲಿಲ್ಲ, ಅವರ ಲೋಟಕ್ಕೆ ಅವಳು ಯಾವಾಗಲೂ ಅರ್ಧವೇ ಹಾಕುತ್ತಿದ್ದಳು. "ನೋಡು, ಇದು ಎಡಕ್ಕೆ ಗಿರಕಿ ಹೊಡೆಯೋದು. ಆಗ ಹೊರಗಿನ ರೆಕ್ಕೆ ಓಡುತ್ತೆ, ಒಳಗಿಂದು ನಿಧಾನ. ನಿಧಾನ ಆದ್ರೆ ಅದಕ್ಕೆ ಗಾಳಿಯ ಆಸರೆ ಸಾಲಲ್ಲ, ಕುಸಿಯುತ್ತೆ. ಪೂರ್ತಿ ಮಗುಚಿ ನೆಲಕ್ಕೆ ಬರುತ್ತೆ. ಅದಕ್ಕೇ ಒಂದು ಬೆರಳು ಜಾಸ್ತಿ ಕೊಟ್ಟಿದೀನಿ. ಹಿಂದೆ ಬೀಳೋನಿಗೆ ಸ್ವಲ್ಪ ಜಾಸ್ತಿ ಕೊಡಬೇಕಮ್ಮ."

ನಕ್ಷೆಯ ಹಾಳೆ ಕೆಡದಂತೆ ಕಾರ್ಬನ್ ಕಾಗದದಿಂದ ಗೆರೆಗಳನ್ನು ಮರಕ್ಕೆ ತೆಗೆದುಕೊಂಡು, ಕಪಾಟಿನ ಮೇಲಿಂದ ಬ್ಲೇಡು ಇಳಿಸಿ, ಅವರು ಹೇಳಿದಂತೆ ಅವಳೇ ಎಳೆದು, ಆ ನಕ್ಷೆಯಿಂದ ಮೊದಲ ಗ್ಲೈಡರನ್ನು ಮನೆಯಲ್ಲೇ ಮಾಡಿದ್ದರು. ನಿಯಮದ ಪ್ರಕಾರ ಹಾರಿಸದೆ, ಮುಚ್ಚಳವಿದ್ದ ಪೆಟ್ಟಿಗೆಯಲ್ಲಿಟ್ಟಿದ್ದರು. ನಕ್ಷೆಯ ಹಾಳೆ ಡಾಕ್ಟರ ಕ್ಲಿನಿಕ್ಕಿಗೆ ಹೋಯಿತು.

ಹೊಸ 'ಗಿರಕಿ' ಬಂತು. ಹೊಳೆಯುವ ಕಾಗದ. ಮುಖಪುಟದಲ್ಲಿ ನಗುತ್ತಿರುವ ಒಂದು ಕುಟುಂಬ, ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ನಾಯಿ. ಅವರು ಯಾರೆಂದು ಸಂಘದಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲ ಪುಟದಲ್ಲಿ 'ಆತ್ಮೀಯ ಗ್ರಾಹಕರೇ' ಎಂದಿತ್ತು. ಸಾಫ್ಟ್‌ವೇರು ತಾನೇ ಹಾಕಿದ ಸಾಲು, ಅಳಿಸಲು ಡಾಕ್ಟರು ಮರೆತಿದ್ದರು. ಸೊಸೆ ಅಷ್ಟನ್ನು ನೋಡಿದವಳು ಒಳಗಿನ ಪುಟ ತೆರೆಯಲೂ ಇಲ್ಲ. ಪತ್ರಿಕೆಯನ್ನು ಮೇಜಿನ ಮೇಲೆ ಬಿಸಾಡಿ ಪಾತ್ರೆ ತೊಳೆಯಲು ಹೋದಳು. ಪಾತ್ರೆಗಳು ಅವತ್ತು ಊರಿಗೇ ಕೇಳುವ ಹಾಗೆ ಸದ್ದು ಮಾಡಿದವು.

ಮಾವ ಮೇಜಿನ ಬಳಿ ಕೂತು ನಡುಹಾಳೆಯನ್ನು ತುಂಬಾ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ರೆಕ್ಕೆ ಎರಡೂ ಸಮ ಇದ್ದ ಹಾಗೆ ಕಾಣುತ್ತಲ್ಲ," ಎಂದರು.

"ನೀನೇ ಹಾಗೆ ಬರೆದಿರ್ತೀಯ ಅಪ್ಪ," ಎಂದ ಮಗ, ಫೋನಿನಿಂದ ತಲೆ ಎತ್ತದೆ.

"ಇಲ್ಲ, ಎಡಗಡೆದು..." ಎಂದು ಮಾವ ಸೊಸೆಯ ಬೆನ್ನಿನ ಕಡೆ ನೋಡಿದರು. "ಅಲ್ವೇನಮ್ಮ?"

"ಆ ದರಿದ್ರ ಕಾಗದದಲ್ಲಿ ಎಲ್ಲಾ ಹಾಗೇ ಕಾಣುತ್ತೆ ಬಿಡಿ ಮಾವ," ಎಂದಳು ಅವಳು, ತಿರುಗದೆ. ಅವಳ ಮನಸ್ಸೆಲ್ಲ ಆ ಅಪರಿಚಿತ ನಾಯಿಯ ಮೇಲಿತ್ತು.

ಮಾವ ಪತ್ರಿಕೆ ಮಡಚಿದರು. ಮತ್ತೆ ಆ ಮಾತೆತ್ತಲಿಲ್ಲ.

ಒಂದೇ ಹಾಳೆಯ ದಿನ ಹಾಲ್ ತುಂಬಿತ್ತು. ಆಟದ ಹಾಲ್ ಅದು. ಎತ್ತರದ ಕಬ್ಬಿಣದ ತೊಲೆಗಳು, ಬಣ್ಣದ ಗೆರೆ ಎಳೆದ ಮರದ ನೆಲ, ಗಾಳಿ ಬಾರದಂತೆ ಮುಚ್ಚಿದ ಕಿಟಕಿಗಳು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅವರ ಮೊದಲ ಸಂಬಳದ ದಿನವೂ ಅವರು ಹೀಗೇ ಕೂತಿರಬೇಕು ಎಂದು ಅನ್ನಿಸಿ ಸೊಸೆಗೆ ನಗು ಬಂತು. ಅವಳು ಪತ್ರಿಕೆಯ ಹಾಳೆಯಿಂದ ಏನನ್ನೂ ಮಾಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಮನೆಯಲ್ಲಿ ಮಾಡಿದ ಗ್ಲೈಡರನ್ನೇ ಪೆಟ್ಟಿಗೆಯೊಳಗೆ ತಂದಿದ್ದಳು.

ಮೊದಲು ಎಸೆದವನು ಡ್ರೈವರ್. ಸಂಘದಲ್ಲೇ ಬಲವಾದ ತೋಳು ಅವನದು. ಗ್ಲೈಡರು ಚೆನ್ನಾಗಿಯೇ ಮೇಲೇರಿತು, ಎಡಕ್ಕೆ ತಿರುಗಿತು, ಅರ್ಧ ಗಿರಕಿ ಹೊಡೆಯಿತು. ಆಮೇಲೆ ಎಡರೆಕ್ಕೆ ಕುಸಿದು, ಮೂತಿ ಕೆಳಗಾಗಿ, ನೆಲಕ್ಕೆ ಬಂದು ಬಡಿಯಿತು. ಎಲ್ಲರೂ 'ಛೇ' ಎಂದರು. ಸಂಗೀತದ ಟೀಚರು ಎಸೆದರು. ಅದೇ ಅರ್ಧ ಗಿರಕಿ, ಅದೇ ಕುಸಿತ. ಡಾಕ್ಟರದ್ದೂ ಅಷ್ಟೇ. ಒಬ್ಬರಾದ ಮೇಲೆ ಒಬ್ಬರು ಎಸೆದರು, ಒಂದಾದ ಮೇಲೊಂದು ಬಿದ್ದವು. ಒಂದರ ಮೂತಿ ಮುರಿಯಿತು. ಇನ್ನೊಂದರ ರೆಕ್ಕೆ ಸೀಳಿತು. ನಗು ಶುರುವಾಯಿತು, ಆಮೇಲೆ ನಗು ನಿಂತು ಪಿಸುಮಾತು ಶುರುವಾಯಿತು. ಸೊಸೆಗೆ ನಗುವಿಗಿಂತ ಆ ಪಿಸುಮಾತೇ ಹೆಚ್ಚು ಚುಚ್ಚಿತು.

"ಪಾಪ, ವಯಸ್ಸಾಯ್ತಲ್ಲ."

"ಮೊದಲೇ ಯಾರಾದ್ರೂ ಒಂದ್ಸಲ ನೋಡಬೇಕಿತ್ತು."

ಡಾಕ್ಟರು ಬಂದು ಮಾವನ ಹೆಗಲ ಮೇಲೆ ಕೈಯಿಟ್ಟರು. "ತಲೆ ಕೆಡಿಸ್ಕೋಬೇಡಿ ಅಜ್ಜ. ಇಷ್ಟು ವರ್ಷ ಬರೆದ್ರಿ, ಸಾಕಲ್ವಾ? ಮುಂದಿನ ಸಲ ಬೇರೆ ಯಾರಾದ್ರೂ ಬರೀತಾರೆ. ನೀವು ಆರಾಮಾಗಿರಿ."

ಮತ್ತೆ ಅದೇ ಆರಾಮು!

ಮಾವ ತಲೆ ಎತ್ತಲಿಲ್ಲ. "ನಾನೇ ತಪ್ಪು ಬರೆದಿರಬೇಕು," ಎಂದರು. "ಎಡಗಡೆದು ಉದ್ದ ಬರೆದೆ ಅಂತ ನೆನಪು. ಬರೀಲಿಲ್ಲ ಅನ್ಸುತ್ತೆ. ನೆನಪೇ ಸುಳ್ಳಾಗ್ತಿದೆ ಈಗೀಗ."

ಸೊಸೆ ತಟ್ಟನೆ ಅವರ ಕಡೆ ತಿರುಗಿದಳು. ರೆಕ್ಕೆ ಎರಡೂ ಸಮ ಇದ್ದ ಹಾಗೆ ಕಾಣುತ್ತಲ್ಲ ಎಂದು ಇವರು ಹೇಳಿರಲಿಲ್ಲವೇ? ಅವಳು ನೆಲದ ಮೇಲೆ ಬಿದ್ದಿದ್ದ ಡ್ರೈವರನ ಗ್ಲೈಡರನ್ನು ಎತ್ತಿಕೊಂಡಳು. ರೆಕ್ಕೆಗಳನ್ನು ನೋಡಿದಳು. ಪೆಟ್ಟಿಗೆ ತೆರೆದು, ತನ್ನದನ್ನು ಹೊರತೆಗೆದಳು.

"ಮಾವ, ಇದನ್ನ ನೀವು ಎಸೀರಿ."

"ನನ್ನ ಕೈಲಿ ಬೇಡಮ್ಮ."

ಅವಳೇ ಎಸೆದಳು. ಅಷ್ಟು ದಿನದಿಂದ ಡಾಕ್ಟರ ಮೇಲಿದ್ದ ಸಿಟ್ಟೆಲ್ಲ ತೋಳಿಗೆ ಬಂದಿತ್ತು. ಗ್ಲೈಡರು ತೊಲೆಗಳ ಹತ್ತಿರದವರೆಗೂ ಏರಿತು, ಅಲ್ಲಿ ಒಂದು ಕ್ಷಣ ಯೋಚನೆ ಮಾಡುವಂತೆ ನಿಂತಿತು, ಎಡಕ್ಕೆ ತಿರುಗಿತು. ಕುಸಿಯಲಿಲ್ಲ. ಒಂದು ಗಿರಕಿ ಹೊಡೆಯಿತು. ಇನ್ನೊಂದು ಹೊಡೆಯಿತು. ಹಾಲ್‌ನಲ್ಲಿದ್ದ ಎಲ್ಲರ ತಲೆಗಳೂ ಅದರ ಜೊತೆಗೆ ಸುತ್ತಿದವು. ಡ್ರೈವರನ ಬಾಯಿ ತೆರೆದೇ ಇತ್ತು. ಮಾವ ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು. ಅದು ಅವಸರವಿಲ್ಲದೆ, ಮನೆಯೊಳಗೆ ಓಡಾಡುವವರ ಹಾಗೆ ಸುತ್ತುತ್ತ ಸುತ್ತುತ್ತ ಇಳಿದು, ಹೊಟ್ಟೆಯ ಮೇಲೆ ಮೆತ್ತಗೆ ನೆಲಕ್ಕೆ ಜಾರಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸೊಸೆ ಅದನ್ನು ಎತ್ತಿ ತಂದು, ಡಾಕ್ಟರ ಕೈಯಲ್ಲಿದ್ದ ಪತ್ರಿಕೆಯನ್ನು ಕಸಿದುಕೊಂಡು, ಮೇಜಿನ ಮೇಲೆ ನಡುಹಾಳೆ ಬಿಡಿಸಿ, ಗ್ಲೈಡರನ್ನು ಅದರ ಮೇಲಿಟ್ಟಳು. ಬಲರೆಕ್ಕೆ ಗೆರೆಗೆ ಸರಿಯಾಗಿ ಕೂತಿತು. ಎಡರೆಕ್ಕೆ ಗೆರೆ ದಾಟಿ ಒಂದು ಬೆರಳು ಹೊರಗೆ ಚಾಚಿತ್ತು.

"ಇದು ಅವರು ಬರೆದ ಹಾಳೆಯಿಂದ ಮಾಡಿದ್ದು," ಎಂದಳು. "ಇದು ನಿಮ್ಮ ಸಾಫ್ಟ್‌ವೇರು ಮಾಡಿದ ಘನಂದಾರಿ ಕೆಲಸ. ಅವತ್ತೇ ಬಡ್ಕೊಂಡೆ, ಕೊಟ್ಟಿದ್ದಕ್ಕೆ ಕೈ ಹಾಕದೆ ಇರೋದು ಬೇಕು ಅಂತ. ಹಾಳಾದ್ದು, ಹೇಳದೆ ಕೇಳದೆ ರೆಕ್ಕೆ ಕತ್ತರಿಸಿ ಹಾಕಿದೆ!"

"ಇಲ್ಲ ಇಲ್ಲ, ಹಾಗೆಲ್ಲ ಹೇಳಬೇಡಿ," ಎಂದರು ಡಾಕ್ಟರು. ಅವರಿಗೆ ತಮ್ಮ ಸಾಫ್ಟ್‌ವೇರಿನ ಮರ್ಯಾದೆ ಉಳಿಸುವ ಆತುರ. "ಅದು ಹೇಳದೆ ಮಾಡಲ್ಲ. ಕೇಳಿತ್ತು."

"ಏನು ಕೇಳಿತ್ತು?"

"ಚಿತ್ರ ಹಾಕಿದ ಕೂಡ್ಲೇ ಕೇಳ್ತು. ಇದರ ಎರಡು ಬದಿ ಸಮ ಇಲ್ಲ, ಹೀಗೇ ಇರಬೇಕಾ, ಸರಿಪಡಿಸಲಾ, ಅಂತ. ನಾನು..." ಡಾಕ್ಟರ ದನಿ ಅಲ್ಲಿಗೆ ಬಂದು ಇಳಿಯಿತು. "ನಾನು ಸರಿಪಡಿಸು ಅಂತ ಒತ್ತಿದೆ. ಕೈ ನಡುಗಿ ಜಾಸ್ತಿ ಹೋಗಿದೆ ಅಂದ್ಕೊಂಡೆ. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಯಾರು ಬೇಕಂತ ಬರೀತಾರೆ?"

ಇಷ್ಟು ದಿನ ಸೊಸೆ ಹಿಡಿಶಾಪ ಹಾಕಿದ್ದು ಆ ಸಾಫ್ಟ್‌ವೇರಿಗೆ. ಅದರ ಮೋಡಕ್ಕೆ, ನಾಯಿಗೆ, ಜಿಗಿಯುವ ಅಕ್ಷರಕ್ಕೆ. ಮೂಗಿಲ್ಲದ, ನಾಲಿಗೆಯಿಲ್ಲದ, ಅಪ್ಪ ಅಮ್ಮ ಇಲ್ಲದ ಆ ಸಾಫ್ಟ್‌ವೇರು, ಹೀಗೇ ಇರಬೇಕಾ ಎಂದು ಒಂದು ಮಾತು ಕೇಳಿತ್ತು! ಈ ಮನುಷ್ಯನಿಗೆ ಕೇಳಬೇಕೆಂದು ಅನ್ನಿಸಿರಲಿಲ್ಲ.

"ನಮ್ಮ ಮನೆ ನಿಮ್ಮ ಕ್ಲಿನಿಕ್ಕಿಂದ ಎಷ್ಟು ದೂರ ಡಾಕ್ಟ್ರೇ?" ಎಂದಳು. "ಫೋನ್ ಇರ್ಲಿಲ್ವಾ ನಿಮ್ಮ ಹತ್ರ? ಅಜ್ಜ, ಇದು ಹೀಗೇ ಇರಬೇಕಾ ಅಂತ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಒಂದು ಮಿಷನ್ನಿಗೆ ಇರೋ ಮರ್ಯಾದೆ ನಿಮಗಿಲ್ವಾ? ಬೆಳಿಗ್ಗೆಯಿಂದ ಇಲ್ಲಿ ಕೂತು ಇವರು ತಮ್ಮ ತಲೆಯನ್ನೇ ಅನುಮಾನಿಸ್ತಿದ್ರು. ನೆನಪು ಸುಳ್ಳಾಗ್ತಿದೆ ಅಂದ್ರು. ಕೇಳಿಸ್ತಾ ನಿಮಗೆ? ನೀವು ಹೆಗಲ ಮೇಲೆ ಕೈಯಿಟ್ಟು ಆರಾಮಾಗಿರಿ ಅಂದ್ರಿ! ನಿಮಗೆ..."

"ಸಾಕಮ್ಮ," ಎಂದರು ಮಾವ.

"ಸಾಕಲ್ಲ ಮಾವ, ಇವರಿಗೆ..."

"ನನ್ನ ನಕ್ಷೆ ಅಲ್ವಾ? ನಾನೂ ಒಂದು ಮಾತಾಡ್ಲಾ?"

ಸೊಸೆ ಬಾಯಿ ಮುಚ್ಚಿದಳು. ಮಾವ ಮೇಜಿನ ಹತ್ತಿರ ಬಂದು, ಹೊರಗೆ ಚಾಚಿದ್ದ ರೆಕ್ಕೆಯ ತುದಿಯ ಮೇಲೆ ಬೆರಳಿಟ್ಟು ನೋಡಿದರು. ಬೆರಳು ನಡುಗುತ್ತಿತ್ತು. ರೆಕ್ಕೆ ಬೆರಳಿನಷ್ಟೇ ಅಗಲಕ್ಕೆ ಹೊರಗಿತ್ತು.

"ಉದ್ದ ಬರೆದಿದ್ದೆ ಹಾಗಾದ್ರೆ," ಎಂದರು, ತಮಗೇ ಎಂಬಂತೆ. ಆಮೇಲೆ ಡಾಕ್ಟರ ಕಡೆ ತಿರುಗಿದರು. "ಸಾಫ್ಟ್‌ವೇರು ಬದಲಾಯಿಸೋದೇನೂ ಬೇಡ. ಅದು ಒಳ್ಳೇದೇ, ಕೇಳುತ್ತೆ. ಒತ್ತೋ ಬೆರಳು ಬದಲಾಯಿಸಿ."

ಡ್ರೈವರ್ ಗೊಳ್ಳೆಂದು ನಕ್ಕ. ಸಂಗೀತದ ಟೀಚರು ನಗು ತಡೆಯಲು ಮುಖ ತಿರುಗಿಸಿದರು. ಡಾಕ್ಟರ ಮುಖ ಕೆಂಪಗಾಗಿ, ಬಾಯಿ ಅರ್ಧ ತೆರೆದು ಹಾಗೇ ನಿಂತಿತು. ಹಲ್ಲುಗಳು ಮಾತ್ರ ಎಂದಿನಂತೆ ನೇರವಾಗಿದ್ದವು. ಕೊನೆಗೆ ಅವರು "ತಪ್ಪಾಯ್ತು ಅಜ್ಜ" ಎಂದರು, ಇಡೀ ಹಾಲ್‌ಗೆ ಕೇಳುವಂತೆ. ಅಷ್ಟಾದರೂ ಹೇಳಿದರಲ್ಲ ಎಂದುಕೊಂಡರೂ ಸೊಸೆಯ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ಮುರಿದ ಗ್ಲೈಡರನ್ನು ಎತ್ತಿಕೊಂಡು ಡ್ರೈವರ್ ಮಾವನ ಬಳಿಗೆ ಬಂದ. "ಅಜ್ಜ, ಇದಕ್ಕೆ ಒಂದು ಬೆರಳು ಸೇರಿಸೋದು ಹೇಗೆ ಅಂತ ಗೆರೆ ಹಾಕಿ ಕೊಡ್ತೀರಾ?" ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ನಿಂತರು. ಮಾವ ಜೇಬಿನಿಂದ ಪೆನ್ಸಿಲ್ ತೆಗೆದರು. ಅಂಕುಡೊಂಕಾದ ಗೆರೆಗಳೇ. ಯಾರೂ ನೇರ ಮಾಡಲಿಲ್ಲ.

ಪತ್ರಿಕೆಯ ಕೆಲಸ ಮತ್ತೆ ಸೊಸೆಯ ಪಾಲಿಗೆ ಬಂತು. ಮೋಡದ ಸಾಫ್ಟ್‌ವೇರಿನ ಜೊತೆಗೇ ಬಂತು, ನಾಯಿಯ ಸಮೇತ.

ಮನೆಗೆ ಬಂದ ಮೇಲೂ ಅವಳ ಬಾಯಿ ನಿಂತಿರಲಿಲ್ಲ. ಟೀಗೆ ನೀರಿಡುತ್ತ ಬೈದಳು, ಸಕ್ಕರೆ ಹಾಕುತ್ತ ಬೈದಳು. "ಕೇಳೋದಕ್ಕೇನು ಬಾಯಿ ನೋಯುತ್ತಾ? ಹೀಗೇ ಇರಬೇಕಾ ಅಂತ ಒಂದು ಮಾತು! ನಾನು ಬೆಳಗಿನಿಂದ ಸಂಜೆವರೆಗೆ ಅಂಗಡೀಲಿ ಅದನ್ನೇ ಕೇಳ್ತೀನಿ. ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಆ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಅಂತ. ಕಣ್ಣು ಅವರದು, ಅವರೇ ಹೇಳಬೇಕು. ನಾನೇ ಆರಿಸಿ ಮೂಗಿಗೆ ಸಿಕ್ಕಿಸಿ ಕಳಿಸಿದ್ರೆ ಸುಮ್ನಿರ್ತಾರಾ?"

ಗಂಡ ತನ್ನ ಲೋಟ ತೆಗೆದುಕೊಂಡ. ಹಾಲ್‌ನಲ್ಲಿ ನಡೆದದ್ದನ್ನು ಕೇಳಿದಾಗಿನಿಂದ ಅವನು ಅಪ್ಪನ ಮುಖ ನೋಡಿರಲಿಲ್ಲ. ಸೊಸೆ ಮಾವನ ಲೋಟಕ್ಕೆ ಟೀ ಸುರಿದಳು. ಅರ್ಧಕ್ಕೆ ಬಂದಾಗ ಕೈ ಅಭ್ಯಾಸಬಲದಿಂದ ತಾನೇ ನಿಂತಿತು.

ಅವಳು ಆ ಅರ್ಧ ಲೋಟವನ್ನೇ ನೋಡಿದಳು. ಅರ್ಧ ಸಾಕು ಎಂದು ಮಾವ ಯಾವತ್ತು ಹೇಳಿದ್ದರು? ಯಾವತ್ತೂ ಹೇಳಿರಲಿಲ್ಲ. ಎಂದೋ ಒಮ್ಮೆ ಅವರ ಕೈಯಿಂದ ಟೀ ಮೇಜಿನ ಮೇಲೆ ಚೆಲ್ಲಿತ್ತು. ಮರುದಿನದಿಂದ ಅವಳು ಅರ್ಧ ಹಾಕಲು ಶುರುಮಾಡಿದ್ದಳು. ಕೇಳಿರಲಿಲ್ಲ. ಅವರು ಕುಡಿದು ಸುಮ್ಮನೆ ಲೋಟ ಕೆಳಗಿಡುತ್ತಿದ್ದರು.

ಅಷ್ಟು ಹೊತ್ತು ಕುದಿಯುತ್ತಿದ್ದ ಸಿಟ್ಟಿಗೆ ಹೋಗಲು ಬೇರೆ ದಾರಿ ಸಿಗಲಿಲ್ಲ. ಅದು ತಿರುಗಿ ಅವಳ ಕಡೆಗೇ ಬಂತು.

"ಮಾವ," ಎಂದಳು. "ಎಷ್ಟು ಹಾಕ್ಲಿ?"

ಮಾವ ಲೋಟ ನೋಡಿದರು. ಆಮೇಲೆ ಅವಳನ್ನು ನೋಡಿದರು.

"ಪೂರ್ತಿ," ಎಂದರು. "ನಂಗೆ ಯಾವಾಗ್ಲೂ ಪೂರ್ತಿನೇ ಬೇಕಿತ್ತು."

ಅವಳು ಅಂಚಿನವರೆಗೂ ಸುರಿದಳು. ಮಾವ ಎರಡೂ ಕೈಯಲ್ಲಿ ಲೋಟ ಎತ್ತಿದರು. ಮೇಜಿನ ಮೇಲೆ ಒಂದಿಷ್ಟು ಚೆಲ್ಲಿತು, ಅಂಗಿಯ ಮೇಲೆ ಒಂದೆರಡು ಹನಿ ಬಿತ್ತು. ಸೊಸೆಯ ಕೈ ಒರೆಸುವ ಬಟ್ಟೆಗೆ ಹೋಯಿತು. ಅಲ್ಲೇ ನಿಂತಿತು.

"ಒರೆಸ್ಲಾ ಮಾವ?"

"ಬೇಡ, ಕುಡಿದು ನಾನೇ ಒರೆಸ್ತೀನಿ," ಎಂದು ಹೇಳಿ ಮಾವ ಸೊರ್ರೆಂದು ಟೀ ಹೀರಿದರು.